ಬೆನ್ನಿಗೆ ಮಣ್ಣು ಹತ್ತದ ಊರಿನಲ್ಲಿ

ಪುಣೆಗೆ ಬಂದು ಹದಿನೇಳು ದಿನವಾಗಿತ್ತು. ಮೊಮ್ಮಗಳನ್ನು ಜೂಡೋ ಕ್ಲಾಸಿಗೆ ಬಿಡಲು ಮೊದಲ ಸಲ ಹೋದವನು ಶಾಲೆಯ ಸಭಾಂಗಣದ ಬಾಗಿಲಲ್ಲಿ ಚಪ್ಪಲಿ ಕಳಚಿ ಒಳಗೆ ಇಣುಕಿದೆ. ದಪ್ಪ ಬಿಳಿ ಅಂಗಿ ತೊಟ್ಟ ಗಟ್ಟಿಮುಟ್ಟಾದ ಹೆಂಗಸೊಬ್ಬಳು, ಯಾರೂ ದೂಡದೆ, ಯಾರೂ ಕಾಲು ಕೊಡದೆ, ತಾನಾಗಿಯೇ ಧಪ್ಪೆಂದು ಅಂಗಾತ ಬಿದ್ದಳು. ಸುತ್ತ ನಿಂತವರೆಲ್ಲ ಚಪ್ಪಾಳೆ ತಟ್ಟಿದರು. ಅವಳು ಎದ್ದಳು, ನಕ್ಕಳು, ಇನ್ನೊಂದು ಸಲ ಬಿದ್ದಳು. ಮತ್ತೆ ಚಪ್ಪಾಳೆ.

ನಮ್ಮ ಕಡೆ ಹೀಗೆ ಅಂಗಾತ ಬಿದ್ದವನು ಒಂದು ವಾರ ಹಿತ್ತಲ ಓಣಿಯಿಂದ ಮನೆ ಸೇರುತ್ತಾನೆ. ಹೆಂಡತಿ ರೊಟ್ಟಿ ಬಡಿಸುವಾಗಲೂ ಅವನ ಮುಖ ನೋಡುವುದಿಲ್ಲ. ಇಲ್ಲಿ ಬಿದ್ದವಳೇ ಗುರು! ಬೀಳುವುದನ್ನು ಕಲಿಯಲಿ ಎಂದು ಜನ ತಮ್ಮ ಮಕ್ಕಳನ್ನು ಅವಳ ಹತ್ತಿರ ಕಳಿಸುತ್ತಾರೆ. ಇದೆಂಥ ಸೀಮೆಗೆ ಬಂದೆನಪ್ಪಾ ಎಂದು ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

ನನ್ನನ್ನು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಗೊತ್ತಿಲ್ಲದವರು ಇರಲಿಕ್ಕಿಲ್ಲ, ಆದರೂ ಹೇಳುತ್ತೇನೆ. ಅಫಜಲಪುರ ತಾಲೂಕಿನ ಭೀಮಾ ದಂಡೆಯ ಒಂದು ಗರಡಿಗೆ ನಾನು ವಸ್ತಾದ. ಮೂವತ್ತು ವರ್ಷ ಹುಡುಗರಿಗೆ ಕುಸ್ತಿ ಕಲಿಸಿದವನು. ಆ ಸುತ್ತಿನಲ್ಲಿ ನನ್ನ ಹೆಸರು ಕೇಳದ ಗರಡಿಯಿಲ್ಲ. ಇದ್ದರೆ ಅದು ಗರಡಿಯಲ್ಲ, ದನದ ಕೊಟ್ಟಿಗೆ. ವಯಸ್ಸು ಅರವತ್ತಾರು. ಇವತ್ತಿಗೂ ಬೆಳಿಗ್ಗೆ ನೂರು ಬೈಠಕ್ ಹೊಡೆಯುತ್ತೇನೆ. ಎಪ್ಪತ್ತರಾಚೆ ಎಣಿಕೆ ತಪ್ಪಿದರೂ ನೂರೆಂದೇ ಹೇಳುತ್ತೇನೆ. ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ಹತ್ತಿತೆಂದರೆ ಆಟ ಮುಗಿಯಿತು, ಬೆನ್ನಿನ ಮಣ್ಣೇ ಸೋಲಿನ ಸಾಕ್ಷಿ. ನನ್ನ ಬೆನ್ನಿಗೆ ಯಾರೂ ಮಣ್ಣು ಹಚ್ಚಿಲ್ಲ ಎಂಬ ಮಾತು ನಮ್ಮೂರಿನ ಮಕ್ಕಳಿಗೂ ಬಾಯಿಪಾಠ.

ಇಂಥ ನನ್ನನ್ನು ಪುಣೆಗೆ ಕರೆಸಿಕೊಂಡದ್ದು ಮಗಳು ಮಹಾದೇವಿ. ಅವಳು ಹಡಪಸರದ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಾಳೆ. ಅಳಿಯ ಮಾರ್ಕೆಟ್ ಯಾರ್ಡಿನ ಉಳ್ಳಾಗಡ್ಡಿ ವಿಭಾಗದಲ್ಲಿ ಹಮಾಲ. ಹದಿನೈದರ ಮೊಮ್ಮಗಳು ಗೌರಿಯನ್ನು ಸಂಜೆ ಕ್ಲಾಸಿಗೆ ಬಿಟ್ಟು ಕರೆತರಲು ಮನೆಯಲ್ಲೊಬ್ಬ ದೊಡ್ಡವರು ಬೇಕಿತ್ತು. ಊರಿನ ಹುಲಿ ಹೀಗೆ ಪುಣೆಯಲ್ಲಿ ಮೊಮ್ಮಗಳ ಚೀಲ ಹೊರುವ ಕೆಲಸಕ್ಕೆ ಬಂತು.

ಮನೆ ಗುಲ್ಟೇಕಡಿಯಲ್ಲಿ, ಮೂರನೆಯ ಮಹಡಿ, ಎರಡು ಖೋಲಿ. ಊರಿನಲ್ಲಿ ನಾನು ಕೈ ಚಾಚಿ ಮಲಗುತ್ತಿದ್ದೆ. ಇಲ್ಲಿ ಕೈ ಚಾಚಿದರೆ ಒಂದು ಕೈ ಗ್ಯಾಸ್ ಸಿಲಿಂಡರಿಗೆ, ಇನ್ನೊಂದು ನೀರಿನ ಡ್ರಮ್ಮಿಗೆ ಬಡಿಯುತ್ತದೆ. ಊರಿನಲ್ಲಿ ಓಣಿಗೆ ಇಳಿದರೆ ಹತ್ತು ಜನ ನಮಸ್ಕಾರ ಮಾಡುತ್ತಾರೆ. ಇಲ್ಲಿ ಮೆಟ್ಟಿಲಿಳಿಯುವಾಗ ಎದುರಾದವರು ಗೋಡೆಗೆ ಒತ್ತಿಕೊಂಡು ನನಗೆ ದಾರಿ ಬಿಡುತ್ತಾರೆ. ಅದನ್ನು ಮರ್ಯಾದೆಯೆಂದೇ ತಿಳಿದು ಎಂಟು ದಿನ ಸುಖವಾಗಿದ್ದೆ. ಮೆಟ್ಟಿಲು ಇಕ್ಕಟ್ಟು, ಅಷ್ಟೇ.

ಆದರೆ ಒಂದು ವಿಷಯದಲ್ಲಿ ಪುಣೆಯ ಜನ ನನ್ನ ಸರೀಕರು. ಗೇಟುಗಳ ಮೇಲೆ ಇವರು ಬರೆಯುವ ಫಲಕಗಳನ್ನು ಗೌರಿ ಓದಿ ಹೇಳಿದಾಗ ನನಗೆ ಹೊಟ್ಟೆಕಿಚ್ಚಾಯಿತು. ಬೆಲ್ ಒಂದು ಸಲ ಒತ್ತಿ, ನಾವು ಕಿವುಡರಲ್ಲ, ನಿಮ್ಮನ್ನು ನೋಡುವ ಆತುರವೂ ನಮಗಿಲ್ಲ ಎಂದು ಒಬ್ಬರ ಬಾಗಿಲು. ಗೇಟಿನ ಮುಂದೆ ಗಾಡಿ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು, ಸೇವೆ ಉಚಿತ ಎಂದು ಇನ್ನೊಬ್ಬರದು. ಇಡೀ ಊರೇ ಕುಚೇಷ್ಟೆಗೆ ಇಳಿದಿರುವಾಗ ನಾನು ಸುಮ್ಮನಿರಲೇ? ರಟ್ಟಿನ ಮೇಲೆ ದುಂಡಗಿನ ಕನ್ನಡ ಅಕ್ಷರದಲ್ಲಿ, ಇಲ್ಲಿ ಉಗುಳುವವರು ಹೆಸರು ಬರೆದು ಉಗುಳತಕ್ಕದ್ದು ಎಂದು ಬರೆದು ಮೆಟ್ಟಿಲ ಮೂಲೆಗೆ ತೂಗುಹಾಕಿದೆ. ಓದಲು ಯಾರಿಗೂ ಬರಲಿಲ್ಲ. ಮೂರನೆಯ ದಿನ ನೋಡಿದರೆ ಅದರ ಮುಂದೆ ಎರಡು ದಾಸವಾಳ. ಕೆಳಮನೆಯ ಆಜಿ, ಅಂದರೆ ನಮ್ಮ ಕಡೆಯ ಅಜ್ಜಿ, ಅದನ್ನು ಯಾವುದೋ ಶರಣರ ಮಾತೆಂದು ತಿಳಿದಿದ್ದರು. ಅಂದಿನಿಂದ ಆ ಮೂಲೆಯಲ್ಲಿ ಯಾರೂ ಉಗುಳಿಲ್ಲ. ನನ್ನ ಬರಹಕ್ಕೆ ಇಷ್ಟು ಶಕ್ತಿ ಇದೆಯೆಂದು ನನಗೇ ಗೊತ್ತಿರಲಿಲ್ಲ.

ನಗುವುದನ್ನಷ್ಟೇ ಬರೆದರೆ ಸುಳ್ಳಾಗುತ್ತದೆ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಇಲ್ಲಿನ ಹಳೆಯ ಅಂಗಡಿಗಳವರು ಬಾಗಿಲೆಳೆದು ಮಲಗುತ್ತಾರೆ. ಮನೆಯಲ್ಲೂ ಯಾರೂ ಇರುವುದಿಲ್ಲ. ಆ ಮೂರು ಗಂಟೆ ನನಗೆ ಬಾವಿಯೊಳಗೆ ಇಳಿಬಿಟ್ಟ ಹಾಗೆ ಆಗುತ್ತಿತ್ತು. ಆಗ ನಡೆದುಕೊಂಡು ಸ್ವಾರಗೇಟ ಬಸ್ ನಿಲ್ದಾಣಕ್ಕೆ ಹೋಗುತ್ತಿದ್ದೆ. ನಮ್ಮ ಕಡೆಯ ಕೆಂಪು ಬಸ್ಸು ಬಂದು ನಿಂತು, ಕಂಡಕ್ಟರು ಊರುಗಳ ಹೆಸರು ಕೂಗುವುದನ್ನು ಬೆಂಚಿನ ಮೇಲೆ ಕೂತು ಕೇಳುತ್ತಿದ್ದೆ. ದಿನಾ ನೋಡಿದ ಒಬ್ಬ ಕಂಡಕ್ಟರು, ಹತ್ತೂದಾದ್ರ ಹತ್ರಿ, ಇಲ್ಲಾಂದ್ರ ನಾಳಿ ಬರ್ರಿ ಎಂದ. ನಾಳೆಯೂ ಹೋದೆ.

ಜೂಡೋ ಕ್ಲಾಸು ಸಿಕ್ಕ ಮೇಲೆ ಬಸ್ಸಿನ ಬೆಂಚು ಮರೆತುಹೋಯಿತು. ಕಲಿಸುವ ಆ ಹೆಂಗಸು ಸುನೀತಾ ಮ್ಯಾಡಮ್, ಮರಾಠಿಯವರು. ಅವರ ಬಾಯಲ್ಲಿ ಸದಾ ಒಂದೇ ಮಾತು, ಪುನ್ಹಾ. ಮತ್ತೊಮ್ಮೆ ಎಂದರ್ಥ. ಕಲಿಯುವವರಲ್ಲಿ ಮಕ್ಕಳೂ ಇದ್ದರು, ದೊಡ್ಡವರೂ ಇದ್ದರು. ತುಮಕೂರಿನ ಚೇತನ್ ಎಂಬ ಹುಡುಗ ನನಗೆ ಅಂಟಿಕೊಂಡ. ಮಗರಪಟ್ಟಾದ ಆಫೀಸೊಂದರಲ್ಲಿ ಕಂಪ್ಯೂಟರಿನ ಮುಂದೆ ಕೂತು ಕೂತು ನೂರಾ ಎರಡು ಕಿಲೋ ತೂಗುತ್ತಿದ್ದವನು, ಇಳಿಸಿಕೊಳ್ಳಲೆಂದು ಸೇರಿದ್ದ. ನನ್ನ ಕನ್ನಡ ಅವನಿಗೆ ಅರ್ಧ ತಿಳಿಯುತ್ತಿತ್ತು, ಅವನದು ನನಗೆ ಮುಕ್ಕಾಲು.

ನಾಲ್ಕನೆಯ ದಿನವೇ ನನ್ನನ್ನು ಹೊರಗೆ ಹಾಕಿದರು. ತಪ್ಪು ನನ್ನದೇ. ಕ್ಲಾಸಿನ ಮೊದಲಿಗೆ ಎಲ್ಲರೂ ಸಾಲಾಗಿ ಮೊಣಕಾಲೂರಿ ಕಣ್ಣು ಮುಚ್ಚಿ ಕೂರುವ ಪದ್ಧತಿ. ಮುಚ್ಚಿದ ಕಣ್ಣುಗಳ ಅಷ್ಟು ದೊಡ್ಡ ಸಾಲನ್ನು ಕಂಡು ನನ್ನ ಕೈ ಸುಮ್ಮನಿರಲಿಲ್ಲ. ಬೆಕ್ಕಿನ ಹಾಗೆ ತೆವಳಿ ಹೋಗಿ ಅಕ್ಕಪಕ್ಕದವರ ಸೊಂಟಪಟ್ಟಿಯ ತುದಿಗಳಿಗೆ ಗಂಟು ಹಾಕುತ್ತಾ ಆರು ಜನರನ್ನು ಜೋಡಿಸಿದೆ. ಆರನೆಯವನು ಚೇತನ್. ಏಳಿ ಎಂದಾಗ ಅವನು ಎದ್ದ, ಉಳಿದ ಐವರು ಅವನ ಹಿಂದೆ ಬಂದರು. ಮ್ಯಾಡಮ್ ಏನೂ ಬೈಯದೆ ನನಗೆ ಬಾಗಿಲಾಚೆಯ ಕಟ್ಟೆ ತೋರಿಸಿದರು. ಆದರೆ ತಿರುಗಿಕೊಂಡಾಗ ಅವರ ಭುಜ ಕುಲುಕುತ್ತಿತ್ತು, ನಾನು ನೋಡಿದೆ.

ಹದಿನೈದು ದಿನ ಕಳೆದ ಮೇಲೆ ಅವರೇ ನನ್ನನ್ನು ಒಳಗೆ ಕರೆದರು.

ಗೌರಿಯ ಜಿಲ್ಲಾ ತಂಡದ ಆಯ್ಕೆಗೆ ಮೂರು ವಾರವಿತ್ತು. ಹೋದ ವರ್ಷ ಅವಳು ಸೋತಿದ್ದಳು. ಈ ಸಲವೂ ಆಯ್ಕೆಯಾಗದಿದ್ದರೆ ಜೂಡೋ ಬಂದ್, ಹತ್ತನೆಯ ಇಯತ್ತೆಯ ಓದು ಎಂದು ಮಹಾದೇವಿ ಖಂಡತುಂಡವಾಗಿ ಹೇಳಿಯಾಗಿತ್ತು. ನನ್ನ ಮಗಳು ಆಡಿದ ಮಾತು ತಪ್ಪುವವಳಲ್ಲ, ಅದು ಅವಳಿಗೆ ಅವಳ ತಾಯಿಯಿಂದ ಬಂದದ್ದು. ಗೌರಿ ಗಿಡ್ಡಿ. ಅವಳ ತೂಕದಲ್ಲಿ ಆಡುವ ಉದ್ದನೆಯ ಹುಡುಗಿಯರು ಅವಳನ್ನು ದೂಡುತ್ತಾ ದೂಡುತ್ತಾ ಅಂಕಣದ ಅಂಚಿಗೆ ಒಯ್ಯುತ್ತಿದ್ದರು. ಅದಕ್ಕೆ ಮ್ಯಾಡಮ್ ಒಂದು ಪಟ್ಟು ಹುಡುಕಿದ್ದರು. ದೂಡುವವಳನ್ನು ತಡೆಯಬಾರದು. ಅವಳ ಅಂಗಿಯ ಎದೆಪಟ್ಟಿ ಹಿಡಿದು, ಒಂದು ಪಾದವನ್ನು ಅವಳ ಕಿಬ್ಬೊಟ್ಟೆಗೆ ಊರಿ, ಅವಳ ಕಾಲಡಿಗೇ ಜಾರಿ ಅಂಗಾತ ಬಿದ್ದುಬಿಡಬೇಕು. ದೂಡುತ್ತಿದ್ದ ಜೋರಿಗೆ ಅವಳು ನಿನ್ನ ತಲೆಯ ಮೇಲಿಂದ ಹಾರಿ ಆಚೆ ಬೀಳುತ್ತಾಳೆ. ನೀನು ಮೊದಲು ಬಿದ್ದರೂ ಅಂಕ ನಿನಗೇ. ಜಪಾನೀಯರು ಇಂಥ ಪಟ್ಟುಗಳನ್ನು ಸುತೆಮಿ ಎನ್ನುತ್ತಾರಂತೆ. ತನ್ನ ಮೈಯನ್ನೇ ಬಲಿ ಕೊಟ್ಟು ಎಸೆಯುವುದು.

ಗೌರಿ ಎಲ್ಲವನ್ನೂ ಸರಿಯಾಗಿ ಮಾಡುತ್ತಿದ್ದಳು. ಹಿಡಿತ ಸರಿ, ಪಾದ ಸರಿ. ಬೆನ್ನು ನೆಲ ಮುಟ್ಟಬೇಕಾದ ಕ್ಷಣದಲ್ಲಿ ಮಾತ್ರ ಮೀನಿನ ಹಾಗೆ ಮಗ್ಗುಲಿಗೆ ಹೊರಳಿಬಿಡುತ್ತಿದ್ದಳು. ಪಾದ ಜಾರುತ್ತಿತ್ತು, ಎದುರಿನವಳು ಇವಳ ಮೇಲೆಯೇ ಕುಸಿಯುತ್ತಿದ್ದಳು. ಹೀಗೆ ಇಪ್ಪತ್ತು ಸಲವಾಗಿತ್ತು.

"ಮುತ್ಯಾ, ಬೆನ್ನ ಹತ್ತೂಕಿಂತ ಮೊದಲ ನನ್ನ ಮೈ ತಾನ ತಿರಗ್ತದ," ಎಂದಳು ಗೌರಿ, ನನ್ನ ಕಡೆ ನೋಡದೆ. ನಮ್ಮ ಕಡೆ ಅಜ್ಜನಿಗೆ ಮುತ್ಯಾ ಎನ್ನುತ್ತಾರೆ. "ನಾ ಏನ್ ಮಾಡ್ಲಿ. ನೀನೇ ಕಲಿಸಿದ್ದು."

ನಿಜ. ಪ್ರತಿ ಬೇಸಿಗೆ ಸೂಟಿಗೆ ಊರಿಗೆ ಬಂದಾಗ ಅಂಗಳದಲ್ಲಿ ಅವಳೊಂದಿಗೆ ಕುಸ್ತಿ ಆಡುತ್ತಿದ್ದೆ. ಆಟ ಮುಗಿದ ಮೇಲೆ ಅವಳನ್ನು ತಿರುಗಿಸಿ ನಿಲ್ಲಿಸಿ ಬೆನ್ನು ನೋಡುತ್ತಿದ್ದೆ. ಮಣ್ಣಿಲ್ಲದಿದ್ದರೆ ಬೆಲ್ಲ ಮತ್ತು ಶೇಂಗಾ. ಮಣ್ಣಿದ್ದರೆ ಏನೂ ಇಲ್ಲ. ಐದನೆಯ ವರ್ಷದಿಂದ ಹನ್ನೆರಡರವರೆಗೆ ಅವಳು ಒಂದು ದಿನವೂ ಬೆಲ್ಲ ತಪ್ಪಿಸಿಕೊಂಡವಳಲ್ಲ. ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆ.

ಮ್ಯಾಡಮ್ ಎಲ್ಲವನ್ನೂ ಕೇಳಿ, ಆಜೋಬಾ, ಗಂಟು ಹಾಕಿದವರು ನೀವು, ಬಿಚ್ಚುವವರೂ ನೀವೇ ಎಂದರು. ನಾಳೆಯಿಂದ ನೀವು ಅವಳ ಮುಂದೆ ಬೀಳಬೇಕು. ಅವಳ ಮುತ್ಯಾನ ಬೆನ್ನು ನೆಲಕ್ಕೆ ಹತ್ತುವುದನ್ನು ಅವಳು ನೋಡಬೇಕು.

ಇಷ್ಟೇ ತಾನೇ ಎಂದೆ. ಅರವತ್ತಾರರ ವಸ್ತಾದನಿಗೆ ಬೀಳಲು ಕಲಿಸಬೇಕೆ? ಒಂದೇ ದಿನದಲ್ಲಿ ತೋರಿಸುತ್ತೇನೆ ಎಂದು ಮೀಸೆ ತಿರುವಿದೆ. ಎಸೆಯಿಸಿಕೊಳ್ಳಲು ಚೇತನ್ ಮುಂದೆ ಬಂದ.

"ತಾತ, ಬೇಕಾದ್ರೆ ಇನ್ನೊಂದ್ಸಲ ಯೋಚನೆ ಮಾಡಿ," ಎಂದ ಮೆಲ್ಲಗೆ. "ನಾನು ನಿಮ್ ಮೇಲೆ ಬಿದ್ರೆ ಆಂಬುಲೆನ್ಸ್‌ಗೂ ನಾನೇ ಫೋನ್ ಮಾಡ್ಬೇಕಾಗತ್ತೆ."

ಅವನು ದೂಡಿದ. ನಾನು ಹಿಡಿದೆ, ಪಾದ ಊರಿದೆ, ಜಾರಿದೆ. ಕಣ್ಣು ಬಿಟ್ಟಾಗ ಕಪ್ಪೆಯ ಹಾಗೆ ಹೊಟ್ಟೆ ಅಡಿಯಾಗಿ ಮಲಗಿದ್ದೆ. ಚೇತನ್ ಪುಣ್ಯಾತ್ಮ, ಪಕ್ಕಕ್ಕೆ ಹಾರಿಕೊಂಡಿದ್ದ. ಪುನ್ಹಾ. ಮತ್ತೆ ಕಪ್ಪೆ. ಪುನ್ಹಾ. ಆ ದಿನ ನಾನು ಹನ್ನೊಂದು ಸಲ ಕಪ್ಪೆಯಾದೆ. ಮಕ್ಕಳು ಬಾಯಿ ಮುಚ್ಚಿಕೊಂಡು ನಕ್ಕರು, ಗೌರಿ ನಗಲಿಲ್ಲ. ಆಗ ಗೊತ್ತಾಯಿತು, ಮನಸ್ಸು ಒಪ್ಪಿದರೂ ಬೆನ್ನು ಒಪ್ಪುವುದಿಲ್ಲ. ಅದಕ್ಕೆ ಬೇರೆಯೇ ತಲೆ ಇದೆ.

ಸುಳ್ಳೇಕೆ, ನನಗೆ ಹುಚ್ಚು ಹಿಡಿಯಿತು. ಇಷ್ಟು ವಯಸ್ಸಾದ ಮೇಲೆ ಬಾರದ ವಿದ್ಯೆಯೊಂದು ಎದುರಿಗೆ ನಿಂತು ಅಣಕಿಸುವುದಿದೆಯಲ್ಲ, ಅದರ ರುಚಿಯೇ ಬೇರೆ. ಮಧ್ಯಾಹ್ನ ಯಾರ್ಡಿನಲ್ಲಿ ಲಾರಿಗಳು ಖಾಲಿಯಾದ ಹೊತ್ತಿಗೆ ಅಲ್ಲಿಗೆ ಹೋಗುತ್ತಿದ್ದೆ. ಖಾಲಿ ಗೋಣಿಗಳ ರಾಶಿಯ ಮೇಲೆ ನಿಂತು, ಹುಲ್ಲು ತುಂಬಿದ ಒಂದು ಚೀಲವನ್ನು ತಬ್ಬಿ ಹಿಂದಕ್ಕೆ ಬಿದ್ದು ಒದೆಯುತ್ತಿದ್ದೆ. ಹಮಾಲರು ಊಟದ ಡಬ್ಬಿ ಹಿಡಿದು ಸುತ್ತ ಕೂರುತ್ತಿದ್ದರು. ಯಾದಗಿರಿ ಕಡೆಯ ಶರಣಪ್ಪ ಎಂಬವನು ಮೂರು ದಿನ ನೋಡಿ ತಡೆಯಲಾಗದೆ ಕೇಳಿದ, "ವಸ್ತಾದ್ರ, ಮನ್ಯಾಗ ಏನರೆ ಜಗಳ ಆಗ್ಯಾದೇನ್ರಿ?" ಗೋಣಿಯ ಮೇಲೆ ಪಟ್ಟು ಚೆನ್ನಾಗಿಯೇ ಬಂತು. ಕ್ಲಾಸಿನಲ್ಲಿ ನಿಂತರೆ, ಮೊಮ್ಮಗಳ ಕಣ್ಣು ಬಿದ್ದರೆ, ಮತ್ತೆ ಕಪ್ಪೆ.

ಒಂದು ವಾರ ಹೀಗೆಯೇ ಹೋಯಿತು. ಆ ಶುಕ್ರವಾರ ಕ್ಲಾಸು ಬಿಟ್ಟ ಮೇಲೆ ಗೌರಿ ಮೆಟ್ಟಿಲ ಮೇಲೆ ಕೂತು ಬಿಳಿ ಅಂಗಿಯನ್ನು ಮಡಚುತ್ತಿದ್ದಳು. ಇನ್ನು ಬಿಚ್ಚುವುದಿಲ್ಲವೆಂಬಂತೆ ಬಿಗಿಯಾಗಿ ಮಡಚುತ್ತಿದ್ದಳು.

"ಸಾಕ್ ಬಿಡು ಮುತ್ಯಾ. ನೀ ಎಂದೂ ಬಿದ್ದಾಂವ ಅಲ್ಲ, ನಿನಗ ಬರೂದಿಲ್ಲ. ನಾ ನಿನ್ನ ಮೊಮ್ಮಗಳು, ನನಗೂ ಬರೂದಿಲ್ಲ. ಅವ್ವಗ ಹೇಳಿಬಿಡ್ತೀನಿ."

ಹೆಮ್ಮೆ ಪಡಬೇಕಾದ ಮಾತು. ನಾನು ಅವಳ ಪಕ್ಕ ಮೆಟ್ಟಿಲ ಮೇಲೆ ಕೂತೆ.

"ಗೌರವ್ವ, ನನ್ನ ಬೆನ್ನಿಗಿ ಮಣ್ಣ ಹತ್ಯಾದ," ಎಂದೆ.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಈಗ ನಿಮಗೂ ಗೊತ್ತಾಗಲಿ. ನನಗೆ ಇಪ್ಪತ್ತೆಂಟಾಗಿದ್ದಾಗ ಪಕ್ಕದ ಊರಿನ ಕಣದಲ್ಲಿ ಮೋನಪ್ಪನೆಂಬ ಬಡಿಗನೊಂದಿಗೆ ಜೋಡಿ ಬಿದ್ದಿತ್ತು. ಕಡ್ಡಿಯಂಥ ಮನುಷ್ಯ. ನಾನು ಪ್ರೇಕ್ಷಕರ ಕಡೆ ತಿರುಗಿ ತೊಡೆ ತಟ್ಟುತ್ತಿದ್ದಾಗ ಎತ್ತಿ ಕೆಡವಿದ. ಬೆನ್ನು ಪೂರ್ತಿ ಹತ್ತಿತು. ಅದೇ ಗಳಿಗೆಗೆ ಚಪ್ಪರದ ಒಂದು ಗೂಟ ಕಿತ್ತುಬಂದು ಜನರೆಲ್ಲ ಆ ಕಡೆ ನೋಡಿದರು, ತೀರ್ಪು ಕೊಡುವ ಪಂಚನೂ ನೋಡಿದ. ನಾನು ಚಂಗನೆ ಎದ್ದು, ಗೆದ್ದವನ ಹಾಗೆ ಕೇಕೆ ಹಾಕಿ, ಬೊಗಸೆ ಬೊಗಸೆ ಮಣ್ಣನ್ನು ನನ್ನ ಮೇಲೂ ಮೋನಪ್ಪನ ಮೇಲೂ ಪಂಚನ ಮೇಲೂ ತೂರಿದೆ. ಜನರಿಗೆ ಖುಷಿಯಾಯಿತು, ಅವರೂ ತೂರಿದರು. ಕೊನೆಗೆ ಕಣದಲ್ಲಿ ಮಣ್ಣು ಹತ್ತದ ಬೆನ್ನೇ ಇರಲಿಲ್ಲ. ಕುಸ್ತಿ ಸಮ ಎಂದು ಬಿಡಿಸಿದರು. ಮೋನಪ್ಪ ಸಾಯುವವರೆಗೆ ಒಂದು ಮಾತು ಆಡಲಿಲ್ಲ. ಸಂತೆಯಲ್ಲಿ ಸಿಕ್ಕಾಗ ನಮಸ್ಕಾರ ಮಾಡಿ, ನಾನು ಮುಂದೆ ಹೋದ ಮೇಲೆ ನನ್ನ ಬೆನ್ನನ್ನೇ ನೋಡುತ್ತಾ ನಿಲ್ಲುತ್ತಿದ್ದ. ಅದು ನನಗೆ ತಿರುಗಿ ನೋಡದೆಯೇ ಗೊತ್ತಾಗುತ್ತಿತ್ತು.

ಗೌರಿ ಮಡಚಿದ ಅಂಗಿಯನ್ನು ಬದಿಗಿಟ್ಟಳು.

"ಹಂಗಾರ ಅಷ್ಟ ವರ್ಷ ನನ್ನ ಬೆನ್ನ ಯಾಕ ನೋಡ್ತಿದ್ದಿ?"

"ನಂದು ನನಗ ಕಾಣ್ತಿದ್ದಿಲ್ಲಲ್ಲ."

ಅವಳು ಮೊದಲು ಮೂಗಿನಲ್ಲಿ ನಕ್ಕಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಬೂಟು ಕಟ್ಟುತ್ತಿದ್ದ ಚೇತನ್ ಏನಾಯಿತೆಂದು ಕೇಳಿದ. ಅವನಿಗೆ ಹೇಳಿದಳು. ಅವನ ಹಿಂದೆ ಮ್ಯಾಡಮ್ ಬಂದರು, ಅವರಿಗೆ ಮರಾಠಿಯಲ್ಲಿ ಕೈಬಾಯಿ ಆಡಿಸಿ, ಮಣ್ಣು ತೂರುವುದನ್ನೂ ಅಭಿನಯಿಸಿ ಹೇಳಿದಳು. ಮೂವತ್ತೆಂಟು ವರ್ಷ ಕಾಪಾಡಿದ ನನ್ನ ಮಾನವನ್ನು ಹುಡುಗಿ ಎರಡು ಭಾಷೆಗಳಲ್ಲಿ ಹಂಚಿದಳು. ನನಗೆ ಮೈ ಹಗುರಾಯಿತು ಎಂದರೆ ನಂಬುತ್ತೀರೋ ಇಲ್ಲವೋ.

ಬನ್ನಿ, ಮತ್ತೆ ಬಾಗಿಲು ತೆಗೆಯುತ್ತೇನೆ ಎಂದರು ಮ್ಯಾಡಮ್.

ಚೇತನ್ ದೂಡಿದ. ನಾನು ಅವನ ಎದೆಪಟ್ಟಿಗೆ ಜೋತುಬಿದ್ದೆ. ಪಾದ ಅವನ ಹೊಟ್ಟೆಯಲ್ಲಿ ಹಿಟ್ಟಿನೊಳಗೆ ಹೂತಂತೆ ಹೂತಿತು. ಹಿಂದಕ್ಕೆ ಬಿಟ್ಟುಕೊಟ್ಟೆ. ಮೊದಲು ಸೊಂಟ, ಆಮೇಲೆ ಬೆನ್ನು, ಆಮೇಲೆ ಭುಜ, ಒಂದೊಂದಾಗಿ ಚಾಪೆಗೆ ಹತ್ತಿದವು, ಅದು ತಣ್ಣಗಿತ್ತು. ಮೇಲೆ ಫ್ಯಾನು ಕಂಡಿತು. ಆಮೇಲೆ ಫ್ಯಾನು ಕಾಣಲಿಲ್ಲ, ಅಲ್ಲಿ ಚೇತನ್ ಇದ್ದ. ನೂರಾ ಎರಡು ಕಿಲೋ ನನ್ನ ಮುಖದ ಮೇಲಿಂದ, ಸದ್ದಿಲ್ಲದೆ, ಮೋಡ ಹೋದ ಹಾಗೆ ಹೋಯಿತು. ಹಿಂದೆ ಧಡಲ್ ಎಂಬ ಸದ್ದಿಗೆ ಕಿಟಕಿಯ ಗಾಜು ನಡುಗಿತು. ನಾನು ಏಳಲಿಲ್ಲ. ಏಳಬೇಕೆನಿಸಲಿಲ್ಲ. ಅಷ್ಟು ಗಟ್ಟಿಯಾಗಿ ಗೆದ್ದು ಅಷ್ಟು ಆರಾಮಾಗಿ ಮಲಗಿದ್ದು ಅದೇ ಮೊದಲು.

"ತಾತ, ಸಕ್ಕತ್ತಾಗಿತ್ತು," ಎಂದ ಚೇತನ್ ಬಿದ್ದಲ್ಲಿಂದಲೇ. "ಇನ್ನೊಂದ್ಸಲ ಎಸೀತೀರಾ?"

ಪುನ್ಹಾ ಎಂದೆ ನಾನು. ಆರನೆಯ ಸಲಕ್ಕೆ ಗೌರಿ ನನ್ನನ್ನು ಬದಿಗೆ ಸರಿಸಿ ತಾನು ನಿಂತಳು.

ಆಯ್ಕೆಯ ದಿನ ಮಹಾದೇವಿ ಅರ್ಧ ದಿನದ ರಜೆ ಹಾಕಿ ಬಂದಿದ್ದಳು. ಗೌರಿ ಎರಡು ಸುತ್ತು ದಾಟಿದಳು. ಕಡೆಯ ಸುತ್ತಿನಲ್ಲಿ ಎದುರಾದ ಹುಡುಗಿ ಅವಳಿಗಿಂತ ಗೇಣುದ್ದ ಎತ್ತರ. ಗೆದ್ದವಳು ತಂಡಕ್ಕೆ, ಸೋತವಳು ಮನೆಗೆ. ಉದ್ದನೆಯವಳಿಗೆ ಆಗಲೇ ಅರ್ಧ ಅಂಕ ಸಿಕ್ಕಿತ್ತು, ಇನ್ನೊಂದು ಅರ್ಧವಾದರೆ ಮುಗಿಯುತ್ತಿತ್ತು. ಗೋಡೆ ದೂಡುವವಳ ಹಾಗೆ ಗೌರಿಯನ್ನು ದೂಡುತ್ತಾ ಅಂಚಿಗೆ ತಂದಳು. ಗೌರಿ ಮಾಯವಾದಳು. ಉದ್ದನೆಯ ಹುಡುಗಿಯ ಅಡಿಗೆ ಅಂಗೈಯಷ್ಟು ಜಾಗದಲ್ಲಿ ಅಂಗಾತ ಬಿದ್ದಿದ್ದಳು, ಬೆನ್ನು ಪೂರ್ತಿ, ಎಳ್ಳಷ್ಟೂ ಹೊರಳದೆ.

"ಬಿದ್ಲು," ಎಂದು ಮಹಾದೇವಿ ಕಣ್ಣು ಮುಚ್ಚಿಕೊಂಡಳು. ವಸ್ತಾದನ ಮಗಳಲ್ಲವೇ.

"ಬಿದ್ಲು. ಕಣ್ಣ ತಗಿ, ಗೆದ್ಲು."

ಅವಳು ಕಣ್ಣು ತೆರೆದಾಗ ಉದ್ದನೆಯ ಹುಡುಗಿ ಆಚೆ ಬೆನ್ನ ಮೇಲಿದ್ದಳು, ಪಂಚರ ಕೈ ನೆಟ್ಟಗೆ ಮೇಲಿತ್ತು. ಪೂರ್ಣ ಅಂಕ. ನಾನು ಕುರ್ಚಿಯ ಮೇಲೆ ಹತ್ತಿ ತೊಡೆ ತಟ್ಟಿದೆ. ಕೂರಿ ಎಂದು ಒಬ್ಬರು ಬಂದು ಹೇಳಿದರು, ಇನ್ನೊಬ್ಬರೂ ಬಂದು ಹೇಳಿದರು. ಮಹಾದೇವಿ ಅಳುತ್ತಿದ್ದಳು. ಬಂದ್ ಮಾಡುವ ಮಾತು ಆಮೇಲೆ ಅವಳ ಬಾಯಿಂದ ಬಂದಿಲ್ಲ.

ನಾಗರ ಪಂಚಮಿಗೆ ಊರಿಗೆ ಹೋಗಿ ಬಂದೆ. ಗರಡಿಯ ಮಣ್ಣಿಗೆ ಪೂಜೆ ಮಾಡಲು ವಸ್ತಾದ ಬೇಕು. ಪೂಜೆ ಮುಗಿದ ಮೇಲೆ ಮೋನಪ್ಪನ ಕಥೆಯನ್ನು ಎಲ್ಲರ ಮುಂದೆ ಹೇಳಿದೆ. ಯಾರೂ ನಂಬಲಿಲ್ಲ. ಜೀವಮಾನವಿಡೀ ಕುಚೇಷ್ಟೆ ಮಾಡಿದವನು ನಿಜ ಹೇಳಿದರೆ ಇದೇ ಗತಿ; ಇದೂ ನಿಮ್ಮದೊಂದು ಆಟ ಬಿಡ್ರಿ ಎಂದು ನಕ್ಕರು. ಪುಣೆಯಿಂದ ಏನು ಕಲಿತು ಬಂದಿರಿ ತೋರಿಸಿ ಎಂದರು. ಮಲ್ಲಪ್ಪನೆಂಬ ಎತ್ತಿನಂಥ ಶಿಷ್ಯನನ್ನು ದೂಡಲು ಹೇಳಿ ನಾನು ಜಾರಿದೆ. ಮಲ್ಲಪ್ಪ ಹಾರಿ ಗೋಡೆಯ ಹತ್ತಿರ ಬಿದ್ದ. ವಸ್ತಾದ್ರ ಬೆನ್ನ ಹತ್ತಿತು ಎಂದ ಒಬ್ಬ. ಮಲ್ಲ್ಯಾ ಹಾರ್ಯಾನಲ್ಲೋ ಎಂದ ಇನ್ನೊಬ್ಬ. ಮೊದಲ ಬಿದ್ದಾರ ವಸ್ತಾದ್ರು ಎಂದ ಮೂರನೆಯವನು. ನಾನು ಅಂಗಾತ ಮಲಗಿಕೊಂಡೇ ಅವರ ಜಗಳ ಕೇಳಿದೆ. ಊರಿನ ನ್ಯಾಯದಲ್ಲಿ ಸೋತಿದ್ದೆ, ಪುಣೆಯ ನ್ಯಾಯದಲ್ಲಿ ಗೆದ್ದಿದ್ದೆ, ಎರಡಕ್ಕೂ ನಡುವೆ ನನಗೆ ನಗು ತಡೆಯಲಾಗುತ್ತಿರಲಿಲ್ಲ. ಎರಡು ದಿನ ಇದ್ದು ಹೋಗಿ ಎಂದು ಎಳೆದಾಡಿದರು. ಆಗಲಿಲ್ಲ, ಗೌರಿಗೆ ಮುಂದಿನ ಪಂದ್ಯವಿದೆ, ಅವಳ ಎದುರು ದಿನಾ ಬೀಳಲು ಒಬ್ಬರು ಬೇಕು.

ಮಧ್ಯಾಹ್ನದ ಬಸ್ಸು ಹತ್ತಿದೆ. ಸ್ನಾನಕ್ಕೆ ಪುರುಸೊತ್ತಾಗಲಿಲ್ಲ, ಮಣ್ಣಿನ ಮೇಲೆಯೇ ಅಂಗಿ ತೊಟ್ಟಿದ್ದೆ. ಎಣ್ಣೆ, ಮಜ್ಜಿಗೆ ಹಾಕಿ ಹದ ಮಾಡಿದ ಕೆಂಪು ಮಣ್ಣು. ಸೋಲಾಪುರ ದಾಟುವಷ್ಟರಲ್ಲಿ ಬೆನ್ನು ಕಡಿಯತೊಡಗಿತು. ಪುಣೆ ಸೇರುವ ಹೊತ್ತಿಗೆ ಅದು ಒಣಗಿ ಉದುರುತ್ತಿತ್ತು, ಅರ್ಧ ನಮ್ಮೂರ ಬಸ್ಸಿನ ಸೀಟಿನ ಮೇಲೆ, ಅರ್ಧ ಅಂಗಿಯೊಳಗೆ.